ನೆಲ ಡೊಂಕಾಗಿಯೇ ಇತ್ತು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಶಾಲೆಯಲ್ಲಿ ಪಾಠ ಹೇಳುವ ಇಷ್ಟು ವರ್ಷಗಳಲ್ಲಿ ಈ ಗಾದೆಯನ್ನು ಎಷ್ಟು ಮಕ್ಕಳ ಮೇಲೆ ಪ್ರಯೋಗಿಸಿದ್ದೇನೋ ಲೆಕ್ಕವಿಲ್ಲ. ಲೆಕ್ಕ ಬರುವುದಿಲ್ಲ ಎಂದ ಮಕ್ಕಳ ಮೇಲಂತೂ ಧಾರಾಳವಾಗಿ ಪ್ರಯೋಗಿಸಿದ್ದೇನೆ. ಹೋದ ಡಿಸೆಂಬರಿನ ಒಂದು ಸಂಜೆಯಿಂದ ಈಚೆಗೆ ಆ ಗಾದೆ ಬಾಯಿಗೆ ಬಂದರೂ ನುಂಗಿಕೊಳ್ಳುತ್ತಿದ್ದೇನೆ.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಕನ್ನಡ ಮತ್ತು ಸಮಾಜ ವಿಜ್ಞಾನ ನನ್ನ ವಿಷಯಗಳು. ಗಣಿತಕ್ಕೂ ನನಗೂ ಎಸ್.ಎಸ್.ಎಲ್.ಸಿ.ಗೇ ಋಣ ಹರಿದಿತ್ತು. ಅಂಥವಳು ಕಲನಶಾಸ್ತ್ರದ ಬಗ್ಗೆ ಬರೆಯಲು ಕೂತಿದ್ದಾಳಲ್ಲ ಎಂದು ನೀವು ನಗಬಹುದು. ನಗಿ, ಆದರೆ ಓದಿ.

ಆ ಸಂಜೆ ನಮ್ಮ ಹಿಂದಿನ ಗಲ್ಲಿಯ ಹುಡುಗಿ ಅಮ್ಮನ ಜೊತೆ ಮನೆಗೆ ಬಂದಳು. ಅಮ್ಮ ಬ್ಲೌಸ್ ಹೊಲಿದು, ಸೀರೆಗೆ ಫಾಲ್ಸ್ ಹಚ್ಚಿ ಸಂಸಾರಕ್ಕೆ ಹೆಗಲು ಕೊಟ್ಟವಳು. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾನೆ. ಹುಡುಗಿ ಹತ್ತನೆಯವರೆಗೆ ನಮ್ಮ ಶಾಲೆಯಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ ಶೇಕಡಾ 86 ತೆಗೆದಿದ್ದಳು. ಎಂಜಿನಿಯರಿಂಗ್ ಓದಬೇಕೆಂದು ಪಿ.ಯು.ಸಿ.ಯಲ್ಲಿ ಸೈನ್ಸ್ ತೆಗೆದುಕೊಂಡಿದ್ದಳು. ಈಗ ಡೆರಿವೇಟಿವ್ ಪಾಠದ ಟೆಸ್ಟಿನಲ್ಲಿ 40ಕ್ಕೆ 7 ಬಂದಿತ್ತು.

"ಸೈನ್ಸ್ ಬಿಡಿಸಿ, ಮುಂದಿನ ವರ್ಷ ಕಾಮರ್ಸ್‌ಗೆ ಹಾಕಿ ಅಂತಾರೆ ಮೇಡಂ ಕಾಲೇಜಲ್ಲಿ. ಹೆಣ್ಣು ಹುಡುಗಿಗೆ ಯಾಕೆ ಈ ತಲೆನೋವು ಅಂತ ನಮ್ಮನೆಯವರೂ ಅಂತಾರೆ. ನೀವೊಂದು ಮಾತು ಹೇಳಿಬಿಟ್ಟರೆ ಇವಳು ಕೇಳ್ತಾಳೆ" ಎಂದಳು ಅಮ್ಮ.

ನನ್ನಿಂದ ಅವರಿಗೆ ಬೇಕಾಗಿದ್ದುದು ಒಂದು ಮೊಹರು ಮಾತ್ರ. ಒತ್ತಿಬಿಡುವುದರಲ್ಲಿಯೂ ಇದ್ದೆ. "ಕಾಮರ್ಸ್‌ನಲ್ಲೂ ಒಳ್ಳೆಯ ಭವಿಷ್ಯ ಇದೆ ಪುಟ್ಟಿ" ಎಂಬ ಮಾತನ್ನು ಈ ಬಾಯಿ ಎಷ್ಟು ಹುಡುಗಿಯರಿಗೆ ಹೇಳಿಲ್ಲ! ಹುಡುಗರಿಗೆ ಹೇಳಿದ್ದು ಕಡಿಮೆ. ಅವರಿಗೆ "ಚೆನ್ನಾಗಿ ಓದೋ" ಎನ್ನುತ್ತೇವೆ. ಆದರೆ ಹುಡುಗಿ ಉತ್ತರ ಪತ್ರಿಕೆಯನ್ನು ಎದೆಗೆ ಅವಚಿಕೊಂಡು ನಿಂತ ರೀತಿ ನೋಡಿ, ಸುಮ್ಮನೆ ಮಾತಿಗೆಂದು, "ಎಲ್ಲಿ ನಿಂತಿತು ತೋರಿಸು" ಎಂದೆ.

"ಎಲ್ಲಾ ನಿಂತಿದೆ ಮಿಸ್" ಎಂದು ಅಳಲು ಶುರು ಮಾಡಿದಳು.

ಎಲ್ಲಾ ನಿಂತಿರಲಿಲ್ಲ. ಒಂದು ಭಾಗಿಸು ಎಕ್ಸ್ ಎಂಬುದರ ಡೆರಿವೇಟಿವ್ ಅನ್ನು ಮೊದಲ ತತ್ತ್ವದಿಂದ ಕಂಡುಹಿಡಿಯಿರಿ ಎಂಬ ಲೆಕ್ಕ ಅದು. ಎಕ್ಸ್ ಇದ್ದಲ್ಲಿ ಎಕ್ಸ್ ಪ್ಲಸ್ ಎಚ್ ಹಾಕಬೇಕು. ಬಂದದ್ದರಿಂದ ಹಳೆಯದನ್ನು ಕಳೆಯಬೇಕು. ಉಳಿದದ್ದನ್ನು ಎಚ್‌ನಿಂದ ಭಾಗಿಸಬೇಕು. ಕೊನೆಗೆ ಎಚ್ ಅನ್ನು ಸೊನ್ನೆಯ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಒಯ್ಯಬೇಕು. ಇದಿಷ್ಟನ್ನೂ ಅವಳು ಪುಸ್ತಕ ನೋಡದೆ ನನಗೆ ಹೇಳಿದಳು. ಉತ್ತರ ಪತ್ರಿಕೆಯಲ್ಲಿ ಮೊದಲ ಸಾಲು ಸರಿಯಾಗಿಯೇ ಇತ್ತು. ಎರಡನೆಯ ಸಾಲಿನಲ್ಲಿ ಎರಡು ಭಿನ್ನರಾಶಿಗಳನ್ನು ಕಳೆಯಬೇಕಿತ್ತು. ಅವಳು ಮೇಲಿನದರಿಂದ ಮೇಲಿನದನ್ನು ಕಳೆದಿದ್ದಳು, ಒಂದರಲ್ಲಿ ಒಂದು ಹೋದರೆ ಸೊನ್ನೆ. ಕೆಳಗಿನದರಿಂದ ಕೆಳಗಿನದನ್ನು ಕಳೆದಿದ್ದಳು. ಮೇಲೆ ಸೊನ್ನೆ ಬಂದ ಮೇಲೆ ಇನ್ನೇನಿದೆ, ಉತ್ತರ ಸೊನ್ನೆ. ಅದರ ಮೇಲೆ ಕೆಂಪು ಇಂಕಿನ ಒಂದು ಗೀಟು, ಪಕ್ಕದಲ್ಲಿ 'ಸ್ಟಡಿ ವೆಲ್'.

"ಅರ್ಧದಲ್ಲಿ ಮೂರನೇ ಒಂದು ಹೋದರೆ ಎಷ್ಟೇ?" ಎಂದು ಕೇಳಿದೆ. ಪಿ.ಯು.ಸಿ. ಓದುವ ಹುಡುಗಿ ಸುಮ್ಮನೆ ನನ್ನ ಮುಖ ನೋಡಿದಳು.

ಇವಳಿಗೆ ಬಾರದೆ ಇದ್ದುದು ಡೆರಿವೇಟಿವ್ ಆಗಿರಲಿಲ್ಲ. ಆರನೆಯ, ಏಳನೆಯ ತರಗತಿಯ ಭಿನ್ನರಾಶಿ. ಇವಳ ಆರನೆಯ ತರಗತಿ ಬಿದ್ದದ್ದು 2020-21ರಲ್ಲಿ. ಕೊರೊನಾ ವರ್ಷ, ಶಾಲೆಗೆ ಬೀಗ, ಪಾಠ ಫೋನಿನಲ್ಲಿ. ಮನೆಗಿದ್ದ ಒಂದೇ ಒಂದು ಫೋನು ಅಪ್ಪನ ಜೇಬಿನಲ್ಲಿ ಆಟೋ ಜೊತೆ ತಿರುಗುತ್ತಿತ್ತು. ಸರಿ, ಅದು ಯಾರ ತಪ್ಪೂ ಅಲ್ಲ ಎನ್ನೋಣ. ಏಳನೆಯದರಲ್ಲಿ ಗಣಿತದ ಮೇಷ್ಟ್ರು ಎರಡು ತಿಂಗಳು ರಜೆ ಹಾಕಿದರು. ಅವರ ಪೀರಿಯಡ್ಡುಗಳು ನನ್ನ ಪಾಲಿಗೆ ಬಂದವು. ನನಗೆ ಪೋರ್ಷನ್ ಬಾಕಿ ಇತ್ತು. ಆ ಪೀರಿಯಡ್ಡುಗಳಲ್ಲಿ ಇತಿಹಾಸದ ಎರಡು ಪಾಠಗಳನ್ನು ಮುಗಿಸಿದೆ, ನೋಟ್ಸ್ ಬರೆಸಿದೆ, ಎಲ್ಲರಿಗಿಂತ ಮೊದಲು ಪೋರ್ಷನ್ ಮುಗಿಸಿದ ಟೀಚರ್ ಎಂದು ಹೆಸರು ಪಡೆದೆ. ಮೇಷ್ಟ್ರು ಬಂದವರು ಉಳಿದ ದಿನಗಳಲ್ಲಿ ಓಡಿಸಿಕೊಂಡು ಹೋದರು. ಆ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂತು, ಮುತ್ತಿನಂಥ ಅಕ್ಷರದಲ್ಲಿ ನನ್ನ ನೋಟ್ಸ್ ಬರೆದುಕೊಂಡವಳು ಈಗ ನನ್ನ ಮೇಜಿನ ಮುಂದೆ ಅಳುತ್ತಿದ್ದಳು.

ಸ್ವೆಟರ್ ಹೆಣೆದವರಿಗೆ ಈ ಮಾತು ಬೇಗ ಹೊಳೆಯುತ್ತದೆ. ಕೆಳಗಡೆ ಎಲ್ಲೋ ಒಂದು ಕುಣಿಕೆ ಬಿಟ್ಟುಹೋದರೆ, ಮೇಲೆ ಎಷ್ಟು ಚೆನ್ನಾಗಿ ಹೆಣೆದರೂ ತೂತು ಬಾಯಿ ಬಿಟ್ಟುಕೊಂಡೇ ಇರುತ್ತದೆ. ಉಲ್ಲನ್ ಸರಿಯಿಲ್ಲ, ಕಡ್ಡಿ ಸರಿಯಿಲ್ಲ, ಮಗು ಸರಿಯಿಲ್ಲ ಎಂದು ಯಾರೂ ಹೇಳುವುದಿಲ್ಲ. ಆ ಸಾಲಿನವರೆಗೆ ಬಿಚ್ಚುತ್ತಾರೆ, ಕುಣಿಕೆ ಎತ್ತಿಕೊಳ್ಳುತ್ತಾರೆ, ಮತ್ತೆ ಹೆಣೆಯುತ್ತಾರೆ. ನಮ್ಮ ಕಾಲೇಜುಗಳಲ್ಲಿ ಬಿಚ್ಚುವ ಪುರುಸೊತ್ತು ಯಾರಿಗಿದೆ? ತುಂಬಿದ ತರಗತಿ, ಮುಗಿಸಬೇಕಾದ ಸಿಲಬಸ್, ತಲೆಯ ಮೇಲೆ ಸಿ.ಇ.ಟಿ. ಉಪನ್ಯಾಸಕರನ್ನು ನಾನು ಪೂರ್ತಿ ಬೈಯಲಾರೆ. ಆದರೆ ಬಿಚ್ಚಲು ಸಮಯವಿಲ್ಲ ಎಂದು ಒಪ್ಪಿಕೊಳ್ಳುವುದು ಬೇರೆ, ಹುಡುಗಿಗೆ ತಲೆಯೇ ಇಲ್ಲ ಎಂದು ತೀರ್ಪು ಕೊಡುವುದು ಬೇರೆ. ಮೊದಲನೆಯದಕ್ಕೆ ಪ್ರಾಮಾಣಿಕತೆ ಬೇಕು. ಎರಡನೆಯದಕ್ಕೆ ಕೆಂಪು ಪೆನ್ನೊಂದಿದ್ದರೆ ಸಾಕು.

ಅವಳಿಗೆ ಯಾರೂ ಸಹಾಯ ಮಾಡಲಿಲ್ಲ ಎಂದುಕೊಳ್ಳಬೇಡಿ. ಸಹಾಯದ ಸುರಿಮಳೆಯೇ ಆಗಿತ್ತು. ನನ್ನ ತಕರಾರು ಇರುವುದು ಆ ಸಹಾಯಗಳ ಮೇಲೆಯೇ.

ಮೊದಲನೆಯದು ಟ್ಯೂಷನ್. ಕಗ್ಗದಾಸಪುರ ಮುಖ್ಯರಸ್ತೆಯಲ್ಲಿ ಒಮ್ಮೆ ತಲೆಯೆತ್ತಿ ನಡೆಯಿರಿ. ಕೆಳಗೆ ಬೇಕರಿ, ಮೊಬೈಲ್ ಅಂಗಡಿ, ಮೇಲೆ ರ್‍ಯಾಂಕ್ ಬಂದ ಮಕ್ಕಳ ಫೋಟೋ ಹೊತ್ತ ಬೋರ್ಡು. ಅಂಥ ಒಂದು ಕಡೆ ಇವಳ ಅಮ್ಮ ಚೀಟಿ ಹಣ ಎತ್ತಿ ವರ್ಷಕ್ಕೆ 32,000 ರೂಪಾಯಿ ಕಟ್ಟಿದ್ದಳು. ಅಲ್ಲಿ ಕೊಟ್ಟದ್ದು ಸೂತ್ರಗಳ ಒಂದು ಹಾಳೆ ಮತ್ತು ಐವತ್ತು ಲೆಕ್ಕಗಳ ಬಿಡಿಸಿದ ಉತ್ತರ. ಸೂತ್ರ ಉರು ಹೊಡೆದರೆ ಈ ಒಂದು ಭಾಗಿಸು ಎಕ್ಸ್‌ನ ಉತ್ತರ ಅರ್ಧ ನಿಮಿಷದಲ್ಲಿ ಬರುತ್ತದಂತೆ. ನಿಜ, ಬರುತ್ತದೆ. ಆ ಅರ್ಧ ನಿಮಿಷದ ಉತ್ತರ ಏನು ಹೇಳುತ್ತಿದೆ ಎಂದು ಕೇಳಿದರೆ ಹುಡುಗಿಗೂ ಗೊತ್ತಿಲ್ಲ, ಕೇಳುವ ಪದ್ಧತಿಯೂ ಅಲ್ಲಿಲ್ಲ.

ಎರಡನೆಯದು ಫೋನು. ಲೆಕ್ಕದ ಫೋಟೋ ತೆಗೆದರೆ ಸಾಲು ಸಾಲಾಗಿ ಉತ್ತರ ಇಳಿಯುತ್ತದೆ. ಅಸೈನ್‌ಮೆಂಟ್ ಪುಸ್ತಕ ತುಂಬುತ್ತದೆ, 'ವೆರಿ ಗುಡ್' ಬೀಳುತ್ತದೆ. ಟೆಸ್ಟಿನ ದಿನ ಫೋನು ಹೊರಗೆ, ಹುಡುಗಿ ಒಳಗೆ. ಮನೆಯಲ್ಲಿ ಅಷ್ಟು ಚೆನ್ನಾಗಿ ಮಾಡ್ತಿದ್ದಳಲ್ಲ ಎಂದು ಅಮ್ಮನಿಗೆ ದಿಗ್ಭ್ರಮೆ.

ಮೂರನೆಯ ಸಹಾಯ ನಾನೇ ಕರೆದದ್ದು. ನಮ್ಮ ಪಕ್ಕದ ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಇಲಾಖೆಯ ಪ್ರಯೋಗಾಲಯಗಳಿವೆ. ರೇಡಾರ್ ಮಾಡುತ್ತಾರೆ, ವಿಮಾನದ ಎಂಜಿನ್ ಮೇಲೆ ಸಂಶೋಧನೆ ಮಾಡುತ್ತಾರೆ. ಈ ಡೆರಿವೇಟಿವ್ ಇಲ್ಲದೆ ಅಲ್ಲಿ ಒಂದು ಕಡ್ಡಿಯೂ ಅಲುಗದು. ಆ ಗೋಡೆಗಳ ಆಚೆ ಬದಿಗೆ ನಮ್ಮ ಗಲ್ಲಿ; ದೀಪದ ಬುಡದಲ್ಲಿ ಕತ್ತಲು. ಹಾಗಾಗಿ ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಎಂಜಿನಿಯರರೊಬ್ಬರನ್ನು ಕೇಳಿಕೊಂಡೆ. ಪಾಪ, ಬಹಳ ಒಳ್ಳೆಯವರು, ಸಂತೋಷದಿಂದ ಬಂದರು. ಪೆನ್ನು ಕೈಗೆ ತೆಗೆದುಕೊಂಡರು. ತಿರುಗಿ ಹುಡುಗಿಗೆ ಕೊಡಲೇ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಒಂಬತ್ತು ಲೆಕ್ಕ ಮಾಡಿದರು. "ತಿಳೀತೇನಮ್ಮ?" "ತಿಳೀತು ಅಂಕಲ್." ಕಾಫಿ ಕುಡಿದು ಹೊರಟರು. "ಏನೇ ತಿಳೀತು?" ಎಂದೆ. "ಅವರಿಗೆ ಚೆನ್ನಾಗಿ ಬರುತ್ತೆ ಅಂತ ತಿಳೀತು ಮಿಸ್" ಎಂದಳು. ಆ ದಿನ ಇಬ್ಬರೂ ಮನಸಾರೆ ನಕ್ಕೆವು.

ಇನ್ನು ಉಳಿದದ್ದು ನಾನು. ನನಗೆ ಬರುವುದಿಲ್ಲ ಎಂಬುದೇ ನನ್ನ ಅರ್ಹತೆಯಾಯಿತು. ಪೆನ್ನು ನನ್ನ ಕೈಗೆ ಬಂದರೂ ಪ್ರಯೋಜನವಿಲ್ಲವಾದ್ದರಿಂದ ಅದು ಅವಳ ಕೈಯಲ್ಲೇ ಉಳಿಯಿತು. ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತು, "ಈ ಸಾಲಿನಿಂದ ಆ ಸಾಲಿಗೆ ಹೇಗೆ ಬಂತು, ನನಗೆ ಹೇಳು" ಎಂದು ಕೇಳುತ್ತಾ ಹೋದೆ. ಅವಳಿಗೆ ಹೇಳಲು ಬಾರದ ಕಡೆ ಕುಣಿಕೆ ಬಿಟ್ಟುಹೋಗಿದೆ ಎಂದು ಅರ್ಥ. ಅಲ್ಲಿಂದ ಬಿಚ್ಚಿದೆವು. ಭಿನ್ನರಾಶಿಗೆ ಮೂರು ಸಂಜೆ ಹಿಡಿಯಿತು. ಅರ್ಧ ಹೋಳಿಗೆಯಿಂದ ಮೂರನೇ ಒಂದು ಹೋಳಿಗೆ ತೆಗೆದರೆ ಆರನೇ ಒಂದು ಉಳಿಯುತ್ತದೆ ಎಂಬುದು ಕೈಗೆ ಸಿಕ್ಕಿದ ಮೇಲೆ ಆ ಎರಡನೆಯ ಸಾಲಿಗೆ ಮತ್ತೆ ಬಂದೆವು. ಕೆಳಗಿನ ಎರಡನ್ನೂ ಗುಣಿಸಿ ಒಂದು ಮಾಡಿಕೊಂಡಳು. ಮೇಲೆ ಮೈನಸ್ ಎಚ್ ಮಾತ್ರ ಉಳಿಯಿತು. ಎಚ್‌ಗೆ ಎಚ್ ಹೊಡೆದುಹೋಯಿತು. ಉಳಿದ ಎಚ್ ಅನ್ನು ಸೊನ್ನೆಯತ್ತ ಒಯ್ದಳು. ಉತ್ತರ, ಮೈನಸ್ ಒಂದು ಭಾಗಿಸು ಎಕ್ಸ್‌ನ ವರ್ಗ. ಪುಸ್ತಕದ ಹಿಂದಿನ ಪುಟ ತೆರೆದು ನೋಡಿ, "ಬಂತು ಮಿಸ್!" ಎಂದು ಕೂಗಿದ್ದು ಮಹಡಿಯ ಮನೆಯವರಿಗೂ ಕೇಳಿಸಿತು.

"ಬಂತು ಸರಿ, ಈ ಮೈನಸ್ ಯಾಕೆ?" ಎಂದೆ. ಗೊತ್ತಿಲ್ಲ ಎಂದಳು. ನನಗೂ ಗೊತ್ತಿರಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ಒಂದೇ ಹೋಳಿಗೆ ಇದೆ, ಎಕ್ಸ್ ಜನ ಹಂಚಿಕೊಳ್ಳುತ್ತಾರೆ ಎನ್ನಿ. ಜನ ಹೆಚ್ಚಿದಷ್ಟೂ ಪಾಲು ಕಡಿಮೆ, ಅದೇ ಮೈನಸ್. ಇಬ್ಬರಿರುವ ಮನೆಗೆ ಮೂರನೆಯವರು ಬಂದರೆ ನಮ್ಮ ಪಾಲಿನಲ್ಲಿ ಆರನೇ ಒಂದು ಹೋಳಿಗೆ ಖೋತಾ. ಅದೇ ಇಪ್ಪತ್ತು ಜನರ ಪಂಕ್ತಿಗೆ ಇಪ್ಪತ್ತೊಂದನೆಯವರು ಬಂದು ಕೂತರೆ ಕಡಿಮೆಯಾಗುವುದು 420ರಲ್ಲಿ ಒಂದು ಭಾಗ, ಯಾರಿಗೂ ತಿಳಿಯುವುದೂ ಇಲ್ಲ. ಕೆಳಗೆ ವರ್ಗ ಬಂದದ್ದು ಅದಕ್ಕೆ. ಮದುವೆ ಮನೆಯಲ್ಲಿ ಬಡಿಸಿದ ಹೆಂಗಸರಿಗೆಲ್ಲ ಇದು ಗೊತ್ತಿರುವ ವಿಷಯ. ಇದಕ್ಕೊಂದು ಹೆಸರಿದೆ ಎಂದು ಮಾತ್ರ ನಮಗೆ ಯಾರೂ ಹೇಳಲಿಲ್ಲ.

ಹೀಗೆಯೇ ಹಾಲು. ಒಲೆಯ ಮೇಲಿಟ್ಟ ಹಾಲು ಹತ್ತು ನಿಮಿಷ ಮಿಸುಕದೆ ಇದ್ದು, ನೀವು ಆಚೆ ತಿರುಗಿದ ಗಳಿಗೆಯಲ್ಲಿ ಧಿಗ್ಗನೆ ಏಳುತ್ತದೆ. ಸರಾಸರಿ ಇಷ್ಟು ಏರಿತು ಎಂಬ ಲೆಕ್ಕದಿಂದ ಹಾಲು ಉಳಿಯುವುದಿಲ್ಲ, ಈ ಗಳಿಗೆಯಲ್ಲಿ ಎಷ್ಟು ಜೋರಾಗಿ ಏರುತ್ತಿದೆ ಎಂಬುದನ್ನು ನೋಡಿ ಒಲೆ ಆರಿಸುತ್ತೇವೆ. ಕಗ್ಗದಾಸಪುರದ ರೈಲ್ವೆ ಗೇಟಿನ ಮುಂದೆ ವರ್ಷಗಟ್ಟಲೆ ಕಾದವರಿಗೆ ಇನ್ನೊಂದು ರೀತಿ ಹೇಳಬಹುದು. ಬೈಯಪ್ಪನಹಳ್ಳಿಯಿಂದ ಹೊಸೂರಿಗೆ ರೈಲು ಸರಾಸರಿ ಎಷ್ಟು ವೇಗದಲ್ಲಿ ಹೋಯಿತು ಎಂಬುದು ಒಂದು. ನಮ್ಮ ಮೂಗಿನ ಮುಂದೆ ದಾಟುವ ಕ್ಷಣದಲ್ಲಿ ಎಷ್ಟಿತ್ತು ಎಂಬುದು ಇನ್ನೊಂದು. ಆ ಇನ್ನೊಂದನ್ನು ಹಿಡಿಯುವ ಉಪಾಯವೇ ಡೆರಿವೇಟಿವ್. ಈ ಮಾತನ್ನು ಇಡೀ ಪಾಠದಲ್ಲಿ ಒಂದು ಸಲವಾದರೂ ಕನ್ನಡದಲ್ಲಿ ಹೇಳಿದ್ದರೆ ಆಕಾಶ ಕಳಚಿ ಬೀಳುತ್ತಿತ್ತೇ? 'ವಿತ್ ರೆಸ್ಪೆಕ್ಟ್ ಟು ಎಕ್ಸ್' ಎಂದು ಪ್ರತಿ ಲೆಕ್ಕದಲ್ಲೂ ಬರುತ್ತದೆ. ಡಿಕ್ಷನರಿಯಲ್ಲಿ ರೆಸ್ಪೆಕ್ಟ್ ಎಂದರೆ ಗೌರವ ಎಂದಿತ್ತಂತೆ. ಎಕ್ಸ್‌ಗೆ ಯಾಕೆ ಗೌರವ ಕೊಡಬೇಕು ಎಂದು ಹುಡುಗಿ ಮೂರು ವಾರ ತಲೆ ಕೆಡಿಸಿಕೊಂಡಿದ್ದಳು. ಎಕ್ಸ್ ಬದಲಾದಂತೆ ಇದು ಹೇಗೆ ಬದಲಾಗುತ್ತದೆ ಎಂದು ಅರ್ಥ, ಅಷ್ಟೇ. ಇತ್ತ ದೆಹಲಿಯವರು ನಡೆಸುವ ನೀಟ್ ಪರೀಕ್ಷೆಯನ್ನು 2017ರಿಂದ, ಜೆ.ಇ.ಇ. ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೇ ಬರೆಯಬಹುದು. ಬೆಂಗಳೂರಿನ ತರಗತಿಯಲ್ಲಿ ಕನ್ನಡದಲ್ಲೊಂದು ಅನುಮಾನ ಕೇಳಲು ಮಾತ್ರ ನಾಲಿಗೆ ಏಳುವುದಿಲ್ಲ.

ಅನುಮಾನವೆಂದೆನಲ್ಲ, ಆ ಕಥೆಯನ್ನೂ ಹೇಳಬೇಕು. ಇವಳು ತರಗತಿಯಲ್ಲಿ ಇಡೀ ವರ್ಷಕ್ಕೆ ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ಎಚ್ ಸೊನ್ನೆ ಅಲ್ಲ ಅಂತ ಮೊದಲು ಅದರಿಂದ ಭಾಗಿಸ್ತೀವಿ. ಆಮೇಲೆ ಸೊನ್ನೆ ಅಂತ ಹೊಡೆದುಹಾಕ್ತೀವಿ. ಎರಡೂ ಹೇಗೆ ಸರಿ?" ಉತ್ತರವಾಗಿ ಬಂದದ್ದು, "ಸಿಲ್ಲಿ ಡೌಟ್ಸ್ ಕೇಳಿ ಕ್ಲಾಸ್ ಟೈಮ್ ವೇಸ್ಟ್ ಮಾಡಬೇಡ." ಹಿಂದಿನ ಬೆಂಚಿನವರು ನಕ್ಕರು. ಅಂದಿನಿಂದ ಬಾಯಿ ಬಂದ್.

ಗಣಿತ ಬಾರದಿದ್ದರೂ ಇತಿಹಾಸ ನನ್ನ ವಿಷಯ. ಹುಡುಕಿ ಓದಿದೆ. ಈ ಶಾಸ್ತ್ರವನ್ನು ಹದಿನೇಳನೆಯ ಶತಮಾನದಲ್ಲಿ ಕಟ್ಟಿದವರು ಇಂಗ್ಲೆಂಡಿನ ನ್ಯೂಟನ್ ಮತ್ತು ಜರ್ಮನಿಯ ಲೈಬ್ನಿಟ್ಸ್. 1734ರಲ್ಲಿ ಜಾರ್ಜ್ ಬರ್ಕ್ಲಿ ಎಂಬ ಐರ್ಲೆಂಡಿನ ಬಿಷಪ್ಪರು ಒಂದು ಪುಸ್ತಕವನ್ನೇ ಬರೆದು ಗಣಿತಜ್ಞರನ್ನು ಗೇಲಿ ಮಾಡಿದರು. ಅವರ ತಕರಾರೂ ಇದೇ. ಮೊದಲು ಇದೆ ಅನ್ನುತ್ತೀರಿ, ಆಮೇಲೆ ಇಲ್ಲ ಅನ್ನುತ್ತೀರಿ, ಇದೆಂಥ ನ್ಯಾಯ? ಯುರೋಪಿನ ಘಟಾನುಘಟಿಗಳು ತಡಬಡಾಯಿಸಿದರು. 1821ರಲ್ಲಿ ಫ್ರಾನ್ಸಿನ ಕೋಶಿ ಬರೆದ ಪಠ್ಯಪುಸ್ತಕದಲ್ಲಿ 'ಲಿಮಿಟ್' ಎಂಬುದನ್ನು ಆಧಾರವಾಗಿಟ್ಟು ಉತ್ತರ ಕೊಡುವ ಪ್ರಯತ್ನವಾಯಿತು. ಅದನ್ನು ಪೂರ್ತಿ ಬಿಗಿ ಮಾಡಲು ಜರ್ಮನಿಯ ವೈಯರ್ಸ್ಟ್ರಾಸ್‌ವರೆಗೆ ಕಾಯಬೇಕಾಯಿತು. ಎಚ್ ಎಂದೂ ಸೊನ್ನೆ ಆಗುವುದಿಲ್ಲ, ಸೊನ್ನೆಗೆ ಎಷ್ಟು ಬೇಕಾದರೂ ಹತ್ತಿರ ಹೋಗುತ್ತದೆ, ಆಗ ಉತ್ತರ ಯಾವ ಸಂಖ್ಯೆಗೆ ಹತ್ತಿರವಾಗುತ್ತದೆ ಎಂದು ನೋಡುತ್ತೇವೆ ಎಂಬುದು ಆ ಉತ್ತರದ ತಿರುಳು. ಯುರೋಪಿಗೆ ನೂರು ವರ್ಷ ನಿದ್ದೆಗೆಡಿಸಿದ ಪ್ರಶ್ನೆ ಕಗ್ಗದಾಸಪುರದ ದರ್ಜಿ ಹೆಂಗಸಿನ ಮಗಳಿಗೆ ತಾನಾಗಿಯೇ ಹೊಳೆದಿತ್ತು. ಆ ಹುಡುಗಿಗೆ ಗಣಿತದ ತಲೆ ಇಲ್ಲವಂತೆ, ಕಾಮರ್ಸ್‌ಗೆ ಹೋಗಬೇಕಂತೆ!

ಬರ್ಕ್ಲಿಯ ಕಥೆ ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರಿಗೂ ಯಾರಾದರೂ ನಕ್ಕರಾ ಮಿಸ್?" ಎಂದು ಕೇಳಿದಳು.

ಕಾಮರ್ಸಿನ ವಿಷಯಕ್ಕೂ ಒಂದು ಮಾತು. ಡೆರಿವೇಟಿವ್‌ಗೆ ಹೆದರಿ ಅಲ್ಲಿಗೆ ಓಡಿದ ಹುಡುಗಿಯರು ಬೇಸಿಕ್ ಮ್ಯಾಥ್ಸ್ ತೆಗೆದುಕೊಂಡರೆ ಎರಡನೆಯ ಪಿ.ಯು.ಸಿ.ಯಲ್ಲಿ ಅದೇ ಡೆರಿವೇಟಿವ್ ಬಾಗಿಲಲ್ಲಿ ಕಾದು ನಿಂತಿರುತ್ತದೆ. ಅರ್ಥಶಾಸ್ತ್ರದಲ್ಲಿ ಮಾರ್ಜಿನಲ್ ಕಾಸ್ಟ್ ಎನ್ನುವುದೂ ಇದರದೇ ವೇಷ. ಓಡಿಹೋಗುವ ಸಲಹೆ ಕೊಡುವವರಾದರೂ ಎಲ್ಲಿಗೆ ಓಡಿಸುತ್ತಿದ್ದೇವೆ ಎಂದು ಮೊದಲು ನೋಡಿಕೊಳ್ಳಬೇಕು. ನಾನು ನೋಡಿಕೊಂಡಿರಲಿಲ್ಲ. ಕಾಮರ್ಸ್ ಇಷ್ಟಪಟ್ಟು ಓದುವ ಮಕ್ಕಳ ಮಾತು ಬೇರೆ. ಅವರು ಸುಖವಾಗಿರಲಿ.

ಇಷ್ಟಾದರೂ "ನಮಗೇನು ತಿಳಿಯುತ್ತೆ, ನಾವು ಓದಿದವರಾ" ಎನ್ನುವ ತಾಯಂದಿರ ಮೇಲೆ ನನಗೆ ಸ್ವಲ್ಪ ಕೋಪವಿದೆ, ಮುಚ್ಚಿಡುವುದಿಲ್ಲ. ಮಿಲಾನ್ ನಗರದಲ್ಲಿ ಮಾರಿಯಾ ಅನ್ಯೇಸಿ ಎಂಬ ಹೆಣ್ಣುಮಗಳಿದ್ದಳು, ಹುಟ್ಟಿದ್ದು 1718ರಲ್ಲಿ. ಮನೆ ತುಂಬ ತಮ್ಮ ತಂಗಿಯರು, ಹಿರಿಯಕ್ಕನಾದ ಇವಳಿಗೆ ತಮ್ಮಂದಿರ ಪಾಠದ ಹೊಣೆಯೂ ಇತ್ತು. 1748ರಲ್ಲಿ ಎರಡು ಸಂಪುಟಗಳ ಗಣಿತದ ಪುಸ್ತಕ ಪ್ರಕಟಿಸಿದಳು. ಬೀಜಗಣಿತದಿಂದ ಹಿಡಿದು ಈ ಕಲನಶಾಸ್ತ್ರದವರೆಗೆ ಕ್ರಮವಾಗಿ ಹೇಳಿಕೊಡುವ ಪುಸ್ತಕ. ಪಂಡಿತರ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ಅವಳು ಬರೆದದ್ದು ಮನೆಮಾತಾದ ಇಟಾಲಿಯನ್‌ನಲ್ಲಿ. ಅಷ್ಟು ದೂರ ಯಾಕೆ, 1150ರಲ್ಲಿ ಭಾಸ್ಕರಾಚಾರ್ಯ ಬರೆದ 'ಲೀಲಾವತಿ'ಯಲ್ಲಿ ಎಷ್ಟೋ ಲೆಕ್ಕಗಳನ್ನು ಕೇಳುವುದೇ ಒಬ್ಬ ಬಾಲೆಯನ್ನು ಕರೆದು. ಅದೇ ಭಾಸ್ಕರಾಚಾರ್ಯ, ಚಂದ್ರನ ಗತಿಗೆ ಇಡೀ ದಿನದ ಸರಾಸರಿ ಸಾಲದು, ಆಯಾ ಕ್ಷಣದ ಗತಿ ಬೇಕು ಎಂದು 'ತಾತ್ಕಾಲಿಕ ಗತಿ'ಯ ವಿಚಾರ ಎತ್ತಿದ್ದ. ಹಾಲು ಉಕ್ಕುವ ಗಳಿಗೆಯನ್ನು ಹಿಡಿಯುವ ನಮಗೆ ಇದು ಪರದೇಶದ ವಿದ್ಯೆ ಹೇಗಾಯಿತು?

ಅವಳ ಅಮ್ಮನಿಗೆ ನಾನು ಹೇಳಿದ್ದು ಇಷ್ಟೇ. "ನೀನು ಮೆಷಿನ್ ಮೇಲೆ ಕೂತಿರುವಾಗ ಇವಳನ್ನು ಪಕ್ಕದಲ್ಲಿ ಕೂರಿಸಿಕೋ. ಮಾಡಿದ ಲೆಕ್ಕವನ್ನು ನಿನಗೆ ಜೋರಾಗಿ ಹೇಳಲಿ. ನಿನಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ಎಲ್ಲಿ ಇವಳ ದನಿ ಸಣ್ಣಗಾಗುತ್ತೋ ಅಲ್ಲಿ ನಿಲ್ಲಿಸು." ಆಕೆ ಬ್ಲೌಸಿನ ತೋಳು ಕೂರಿಸುವುದರಲ್ಲಿ ನಿಪುಣೆ. ಎಲ್ಲಿ ಎಳೆಯುತ್ತಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಎರಡನೆಯ ದಿನವೇ ಬಂದು, "ಮೇಡಂ, ಆ ಬ್ರ್ಯಾಕೆಟ್ ಬಿಚ್ಚೋ ಜಾಗದಲ್ಲಿ ಸುಳ್ಳು ಹೇಳ್ತಾಳೆ" ಎಂದು ವರದಿ ಒಪ್ಪಿಸಿದಳು. ನೋಡಿದರೆ ನಿಜ. ಮೈನಸ್ ಚಿಹ್ನೆಯ ಮುಂದಿನ ಬ್ರ್ಯಾಕೆಟ್ ಬಿಚ್ಚುವಾಗ ಒಳಗಿನ ಚಿಹ್ನೆ ಬದಲಿಸುವುದನ್ನು ಹುಡುಗಿ ಪ್ರತಿ ಸಲ ಮರೆಯುತ್ತಿದ್ದಳು. ಇದೂ ಹೈಸ್ಕೂಲಿನ ಕುಣಿಕೆ.

ಸ್ಟಾಫ್ ರೂಮಿನಲ್ಲಿ ನನ್ನ ಆ ಎರಡು ತಿಂಗಳ ಕಥೆ ಹೇಳಿದೆ. ಎಲ್ಲರೂ ಹಾಗೇ ಮಾಡುವುದಲ್ಲವೇ ಎಂದರು. ಅದೇ ನನ್ನ ದೂರು. ಲೆಕ್ಕದ ಪೀರಿಯಡ್ಡಿನಲ್ಲಿ ಲೆಕ್ಕವೇ ನಡೆಯಲಿ ಎಂದು ಈ ವರ್ಷ ಹೆಡ್‌ಮಿಸ್ ಹತ್ತಿರ ಜಗಳವಾಡಿದ್ದೇನೆ. ಮೇಷ್ಟ್ರು ಬರದ ದಿನ ನಾನು ಹೋದರೂ ಬೋರ್ಡಿನ ಮೇಲೆ ಭಿನ್ನರಾಶಿಯೇ ಬರೆಯುತ್ತೇನೆ. ಪೋರ್ಷನ್ ಹಿಂದೆ ಬಿದ್ದಿದೆ. ಬೀಳಲಿ, ಸತ್ತ ರಾಜರಿಗೆ ಅವಸರವಿಲ್ಲ.

ಹುಡುಗಿ ಮುಂದಿನ ಟೆಸ್ಟಿನಲ್ಲಿ 40ಕ್ಕೆ 23 ತೆಗೆದಳು. ರ್‍ಯಾಂಕ್ ಬೋರ್ಡಿಗೆ ಹಾಕುವಂಥದ್ದಲ್ಲ. ಸೈನ್ಸ್ ಬಿಟ್ಟಿಲ್ಲ. ಈಗ ಅವಳ ಜೊತೆ ಇನ್ನೂ ಮೂವರು ಬರುತ್ತಾರೆ. ನಮ್ಮ ಮನೆಯಲ್ಲಿ ಸ್ಟೂಲುಗಳು ಸಾಲದೆ ಒಬ್ಬಳು ಅಕ್ಕಿ ಡಬ್ಬದ ಮೇಲೆ ಕೂರುತ್ತಾಳೆ. ನಿವೃತ್ತ ಎಂಜಿನಿಯರರೂ ಬರುತ್ತಾರೆ, ಒಂದು ಷರತ್ತಿನ ಮೇಲೆ: ಪೆನ್ನು ಮುಟ್ಟಕೂಡದು. ಕೈ ಕಟ್ಟಿಕೊಂಡು ಕೂರುವುದು ಅವರಿಗೆ ಬಹಳ ಕಷ್ಟವಾಗುತ್ತಿದೆ. ಹೋದ ಶನಿವಾರ ತಡೆಯಲಾರದೆ ಎರಡು ಸಲ ಎದ್ದು ಬಾಲ್ಕನಿಗೆ ಹೋಗಿ ಬಂದರು.

ಈ ಶನಿವಾರ ಸೈನ್, ಕೊಸೈನ್ ಲೆಕ್ಕಗಳಿವೆಯಂತೆ. ಹತ್ತನೆಯ ತರಗತಿಯ ತ್ರಿಕೋನಮಿತಿಯ ಪುಸ್ತಕವನ್ನು ಶಾಲೆಯ ಲೈಬ್ರರಿಯಿಂದ ತಂದಿಟ್ಟುಕೊಂಡಿದ್ದೇನೆ. ಮೂರನೆಯ ಪುಟದಲ್ಲಿ ನಿಂತಿದ್ದೇನೆ.